ಆನೆಗೊಂದಿಯ ಗುಂಡುಗಳನ್ನು ಯಾರೂ ಹೊತ್ತು ತಂದಿಲ್ಲ

"ಆನೆಗೊಂದಿ, ಗಂಗಾವತಿ ಕಡೆಯ ಗುಂಡುಕಲ್ಲುಗಳನ್ನು ಹಿಮನದಿ ಹೊತ್ತು ತಂದು ಪೇರಿಸಿದೆ" ಅಂತ ಒಂದು ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಫೋಟೋ ಚೆನ್ನಾಗಿದೆ, ಮಾತು ಮಾತ್ರ ತಪ್ಪು.

ಆ ಕಲ್ಲುಗಳು ಹುಟ್ಟಿದ ಜಾಗದಲ್ಲೇ ಇವೆ. ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ನೆಲದ ಆಳದಲ್ಲಿ ತಣ್ಣಗಾದ ಈ ಬಂಡೆಯಲ್ಲಿ ಅಡ್ಡ, ಉದ್ದ ಬಿರುಕು ಬಿದ್ದವು. ಮಳೆನೀರು ಇಂಗಿ ಆ ಬಿರುಕುಗಳಿಗೆ ಇಳಿಯಿತು. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ನೀರು ತಾಗಿ ತಾಗಿ ಜೇಡಿಮಣ್ಣಾಗುತ್ತದೆ. ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದಲ್ವಾ, ಹಾಗಾಗಿ ಮೊದಲು ಸವೆಯುವುದು ಅದೇ. ಬಾಯಲ್ಲಿಟ್ಟ ಕಲ್ಲುಸಕ್ಕರೆ ದುಂಡಗಾಗುವ ಹಾಗೆ. ಆಮೇಲೆ ಮಳೆ, ಹಳ್ಳಗಳು ಸುತ್ತಲಿನ ಸಡಿಲ ಮಣ್ಣನ್ನು ಕೊಚ್ಚಿ ತುಂಗಭದ್ರೆಗೆ ಸೇರಿಸಿದವು. ಗುಂಡುಗಳು ಉಳಿದವು. ಒಂದರ ಮೇಲೊಂದು ಇಟ್ಟಂತೆ ಕಾಣುವುದೂ ಇದಕ್ಕೇ.

ಸುಮ್ನೆ ಹೇಳುತ್ತಿಲ್ಲ. ರಸ್ತೆಗಾಗಿ ಗುಡ್ಡ ಕಡಿದ ಕಡೆ ನಿಂತು ನೋಡಿ. ಕೆಂಪು ಗರಸಿನೊಳಗೆ ಇನ್ನೂ ಹೂತಿರುವ ಗುಂಡು ಸಿಕ್ಕರೂ ಸಿಗಬಹುದು. ಅದರ ಸುತ್ತ ಉಳ್ಳಾಗಡ್ಡಿ ಸಿಪ್ಪೆಯಂಥ ಪದರ. ಉಗುರಿನಲ್ಲಿ ಕೆರೆದರೆ ಉದುರುತ್ತದೆ.

ಹಿಮನದಿ ತಂದಿದ್ದರೆ ಬೇರೆ ಬೇರೆ ಜಾತಿಯ ಕಲ್ಲು, ಪುಡಿಮಣ್ಣು ಎಲ್ಲ ಕಲಸಿಹೋಗಿರುತ್ತಿತ್ತು. ಉಜ್ಜಿದ ಗೀರುಗಳೂ ಇರುತ್ತಿದ್ದವು. ಭಾರತದಲ್ಲಿ ಅಂಥ ಗುರುತು ಇಲ್ಲವೇ ಇಲ್ಲ ಅಂತಲ್ಲ: ಸುಮಾರು 30 ಕೋಟಿ ವರ್ಷ ಹಿಂದಿನ ಹಿಮನದಿಯ ಕುರುಹು ಒಡಿಶಾದ ತಾಲ್ಚೇರ್‌ನಲ್ಲಿದೆ. ಇಲ್ಲಿರುವುದು ನೀರಿನ ಕೆಲಸ, ಅದೂ ಜಾಸ್ತಿ ನೆಲದೊಳಗೆ ನಡೆದದ್ದು.