ಸ್ಪಷ್ಟನೆ: 5 ವ್ಯಾಟ್ ಟ್ಯೂಬ್ ಆಂಪ್ ಜ್ಯಾಮ್‌ಗೆ ಆಗಲ್ಲ ಅನ್ನೋದು ಸರಿಯಲ್ಲ

"ಬ್ಲೂಸ್ ಹಾರ್ಮೋನಿಕಾಗೆ 5 ವ್ಯಾಟ್ ಟ್ಯೂಬ್ ಆಂಪ್ ಜ್ಯಾಮ್‌ನಲ್ಲಿ ಕೇಳಿಸಲ್ಲ, 10 ವ್ಯಾಟ್ ತಗೊಂಡ್ರೆ ಎರಡು ಪಟ್ಟು ಜೋರು" ಅಂತ ಒಂದು ಮೆಸೇಜ್ ಓಡಾಡುತ್ತಿದೆ (ಹಾರ್ಮೋನಿಕಾ ಅಂದ್ರೆ ಮೌತ್ ಆರ್ಗನ್, ಟ್ಯೂಬ್ ಆಂಪ್ ಅಂದ್ರೆ ಗಾಜಿನ ವಾಲ್ವ್ ಇರುವ ಆಂಪ್ಲಿಫೈಯರ್, ಜ್ಯಾಮ್ ಅಂದ್ರೆ ಹಲವರು ಸೇರಿ ನುಡಿಸುವುದು). ಇದು ತಪ್ಪು. ವ್ಯಾಟ್ ಎರಡು ಪಟ್ಟಾದರೆ ಸದ್ದು ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಸುಮಾರು 10 ಪಟ್ಟು ವ್ಯಾಟ್ ಬೇಕು.

ಜೋರು ಡ್ರಮ್ಸ್ ಇರುವ ಕಡೆ ಫೆಂಡರ್ ಚಾಂಪ್‌ನಂಥ ಪುಟ್ಟ ಆಂಪ್ ಒಂದೇ ಸಾಲದು, ಅದು ನಿಜ. ಆದರೆ ಅದರ ಸ್ಪೀಕರ್ ಮುಂದೆ ಒಂದು ಮೈಕ್ ಇಟ್ಟು ಪಿಎಗೆ (ಹಾಲ್‌ನ ಸೌಂಡ್ ಸಿಸ್ಟಮ್‌ಗೆ) ಕೊಟ್ಟರೆ ಆಯ್ತು, ಆ ಪುಟ್ಟ ಆಂಪ್‌ನ ಒರಟು ಸದ್ದೇ ಹಾಲ್ ಪೂರ್ತಿ ಕೇಳಿಸುತ್ತದೆ.

ಹಾರ್ಮೋನಿಕಾದವರಿಗೆ ಜಾಸ್ತಿ ಕಾಟ ಕೊಡುವುದು ಫೀಡ್‌ಬ್ಯಾಕ್, ಅಂದ್ರೆ ಸ್ಪೀಕರ್ ಸದ್ದು ಮತ್ತೆ ಮೈಕಿಗೇ ಹೋಗಿ ಏಳುವ ಕೀರಲು. ಬುಲೆಟ್ ಮೈಕನ್ನು (ಹಾರ್ಮೋನಿಕಾದ ಜೊತೆ ಕೈಯಲ್ಲಿ ಹಿಡಿಯುವ ಗುಂಡನೆಯ ಮೈಕ್) ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ವಾಲ್ಯೂಮ್ ತುಸು ಏರಿಸುವಷ್ಟರಲ್ಲೇ ಆಂಪ್ ಕೂಗಲು ಶುರು. ದೊಡ್ಡ ಆಂಪ್ ತಂದ ಮಾತ್ರಕ್ಕೆ ಇದು ಹೋಗಲ್ಲ, ಗೇನ್ (ಮೈಕಿನ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತೆ ಅನ್ನೋದು) ಇಳಿಸಬೇಕು. ಅದಕ್ಕೇ ತುಂಬಾ ಜನ ಮೊದಲ 12ಎಎಕ್ಸ್7 ಟ್ಯೂಬ್ ತೆಗೆದು 12ಎವೈ7 ಹಾಕುತ್ತಾರೆ. ಡೇಟಾಶೀಟ್ ಪ್ರಕಾರ 12ಎಎಕ್ಸ್7ರ ಗೇನ್ 100, 12ಎವೈ7ರದು 44ರ ಆಸುಪಾಸು. ಆಂಪ್ ಆಫ್ ಮಾಡಿ, ಟ್ಯೂಬ್ ತಣ್ಣಗಾದ ಮೇಲೆ ಬದಲಿಸಿ.

ಸುಮ್ನೆ ಯಾರೂ ದುಡ್ಡು ಕಳೆದುಕೊಳ್ಳುವುದು ಬೇಡ ಅಲ್ವಾ? ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ, ಈಗಾಗಲೇ ಕಳಿಸಿದ್ದರೆ ಅದರ ಕೆಳಗೇ ಇದನ್ನು ಹಾಕಿ.