ಚುಕ್ಕೆ ಸಿಕ್ತಾ?

ನಿನ್ನೆ ಸಂಜೆಯಿಂದ ನನ್ನ ಕುತ್ತಿಗೆ ಎಡಕ್ಕೆ ತಿರುಗುತ್ತಿಲ್ಲ. ಕೇಳಿದವರಿಗೆಲ್ಲ "ದಿಂಬು ಸರಿ ಇರಲಿಲ್ಲ" ಎಂದು ಸುಳ್ಳು ಹೇಳುತ್ತಿದ್ದೇನೆ. ನಿಜ ಹೇಳಿದರೆ ಮರ್ಯಾದೆ ಉಳಿಯುವುದಿಲ್ಲ. ಎರಡು ವಾರದಿಂದ ನಾನು ಒಂದು ಕೆಂಪು ಚುಕ್ಕೆಯನ್ನು ಹುಡುಕುತ್ತಿದ್ದೇನೆ. ಅದು ನನ್ನ ಕೈಯಲ್ಲೇ ಇದೆ. ಆದರೂ ಸಿಗುತ್ತಿಲ್ಲ.

ನಮ್ಮ ಶೂಟಿಂಗ್ ಕ್ಲಬ್‌ಗೆ ಹೊಸ ಪಿಸ್ತೂಲು ಬಂತು. 9 ಎಂಎಂ, ಸೆಮಿ ಆಟೊಮ್ಯಾಟಿಕ್, ಫುಲ್ ಸೈಜ್. ಮ್ಯಾಗಜೀನಿನಲ್ಲಿ 17 ಗುಂಡು. ಮೇಲೆ ಕಾರ್ಖಾನೆಯಲ್ಲೇ ಕೂರಿಸಿ ಕಳಿಸಿದ ರೆಡ್ ಡಾಟ್ ಸೈಟ್, ಅಂದರೆ ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಸುವ ಸಾಧನ. ಇನ್ನೂ ನಾಲ್ಕು ತೆಗೆದುಕೊಳ್ಳಬೇಕೋ ಬೇಡವೋ ಎಂದು ಕ್ಲಬ್ಬಿನವರಿಗೆ ಅನುಮಾನ. "ನೀನು ಹೇಗಿದ್ರೂ ಬರೆಯೋನು. ಎರಡು ವಾರ ಹೊಡೆದು ನೋಡಿ ವರದಿ ಕೊಡು" ಎಂದರು. ನಾನು ಹೊಡೆಯುವವನು ಎಂದು ಯಾರೂ ಹೇಳಲಿಲ್ಲ, ಗಮನಿಸಿ. ಜೊತೆಗೆ ನಾಲ್ಕು ಪುಟದ ಫಾರಂ. ಅದರ ಮೊದಲ ಕಾಲಂ: "ಚುಕ್ಕೆ ಕಣ್ಣಿಗೆ ಸಿಗುವ ವೇಗ: ಉತ್ತಮ, ಸಾಧಾರಣ, ಕಳಪೆ." ಹದಿನಾಲ್ಕು ದಿನವಾಯಿತು, ಪೆನ್ನು ಇನ್ನೂ ಆ ಕಾಲಂ ದಾಟಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಮಾಮೂಲಿ ಪಿಸ್ತೂಲಿನಲ್ಲಿ ಹಿಂದೆ ಒಂದು ಕಚ್ಚು, ಮುಂದೆ ಒಂದು ಮೊನೆ, ದೂರದಲ್ಲಿ ಟಾರ್ಗೆಟ್. ಮೂರನ್ನೂ ಒಂದೇ ಗೆರೆಗೆ ತರಬೇಕು. ಕಣ್ಣಿಗೋ ಒಂದು ಸಲಕ್ಕೆ ಒಂದನ್ನು ಮಾತ್ರ ಸ್ಪಷ್ಟವಾಗಿ ನೋಡಲು ಆಗುತ್ತದೆ. ಹಾಗಾಗಿ "ಮೊನೆ ನೋಡು, ಮೊನೆ ನೋಡು" ಎಂದು ವರ್ಷಗಟ್ಟಲೆ ತಲೆಗೆ ಬಡಿದು ಕಲಿಸುತ್ತಾರೆ. ರೆಡ್ ಡಾಟ್ ಬಂದ ತಕ್ಷಣ ಅದೆಲ್ಲ ತಲೆಕೆಳಗು. ಸ್ಲೈಡಿನ, ಅಂದರೆ ಪಿಸ್ತೂಲಿನ ಮೇಲ್ಗಡೆ ಹಿಂದೆ ಮುಂದೆ ಜಾರುವ ಭಾಗದ, ಮೇಲೆ ಅಂಚೆ ಚೀಟಿಯಷ್ಟು ಗಾಜಿನ ಕಿಟಕಿ. ಒಳಗಿನ ಪುಟ್ಟ ಎಲ್‌ಇಡಿ ಬೆಳಕು ಆ ಬಾಗಿದ ಗಾಜಿಗೆ ಬಡಿದು ಕಣ್ಣಿಗೆ ವಾಪಸ್ ಬರುತ್ತದೆ. ಚುಕ್ಕೆ ಗಾಜಿನ ಮೇಲಲ್ಲ, ದೂರದ ಟಾರ್ಗೆಟ್ ಮೇಲೇ ಕೂತಂತೆ ಕಾಣುತ್ತದೆ. ಎರಡೂ ಕಣ್ಣು ತೆರೆದಿಡಬೇಕು, ಟಾರ್ಗೆಟ್ ನೋಡಬೇಕು. ಚುಕ್ಕೆ ತಾನೇ ಬರುತ್ತದೆ.

"ತಾನೇ ಬರುತ್ತದೆ" ಎಂದು ಬರೆದ ಪುಣ್ಯಾತ್ಮ ಯಾರೋ, ಅವನನ್ನು ಒಮ್ಮೆ ನೋಡಬೇಕು ನನಗೆ.

ಮೊದಲ ದಿನ ಪಿಸ್ತೂಲು ಎತ್ತಿದೆ. ಕಿಟಕಿ ಇತ್ತು, ಟಾರ್ಗೆಟ್ ಇತ್ತು, ಚುಕ್ಕೆ ಇರಲಿಲ್ಲ. ಸ್ವಿಚ್ ಆಫ್ ಆಗಿರಬೇಕು ಎಂದು ಕೆಳಗಿಟ್ಟು ನೋಡಿದೆ, ಆನ್ ಇತ್ತು. ಮತ್ತೆ ಎತ್ತಿದೆ. ಇಲ್ಲ. ತಲೆಯನ್ನು ಸ್ವಲ್ಪ ಬಲಕ್ಕೆ ಸರಿಸಿದೆ. ಎಡಕ್ಕೆ ಸರಿಸಿದೆ. ಕತ್ತು ಉದ್ದ ಮಾಡಿದೆ, ಗಿಡ್ಡ ಮಾಡಿದೆ. ಗದ್ದ ಎದೆಗೆ ತಾಗಿಸಿದೆ. ಒಂದು ಕ್ಷಣ ಕಿಟಕಿಯ ಮೂಲೆಯಲ್ಲಿ ಕೆಂಪಗೆ ಏನೋ ಇಣುಕಿ ಮಾಯವಾಯಿತು. ಸಿಕ್ಕಿತಲ್ಲಾ ಎಂದು ಅದರ ಹಿಂದೆ ಹೋದರೆ ಅದು ಇನ್ನೊಂದು ಮೂಲೆಗೆ. ಕಾಳು ಹೆಕ್ಕುವ ಕೋಳಿಯನ್ನು ನೀವು ನೋಡಿದ್ದೀರಲ್ಲ? ಆ ಕೋಳಿಯ ಕೈಗೆ ಪಿಸ್ತೂಲು ಕೊಟ್ಟರೆ ಹೇಗಿರುತ್ತದೋ ಹಾಗಿದ್ದೆ. ನಳಿಗೆ ಮಾತ್ರ ಟಾರ್ಗೆಟ್ ಕಡೆಗೇ ಇತ್ತು, ಬೆರಳು ಟ್ರಿಗರಿನ ಹೊರಗೇ ಇತ್ತು. ಅಷ್ಟು ಮಾನ ಉಳಿಸಿಕೊಂಡೆ.

ಆಮೇಲೆ ಗೊತ್ತಾಯಿತು, ಕಳೆದುಹೋದ ಚುಕ್ಕೆ ಹೆಚ್ಚಿನ ಸಲ ಕಿಟಕಿಯ ಮೇಲಂಚಿನ ಆಚೆ ಇರುತ್ತದೆ. ನಳಿಗೆ ತುಸು ಮೇಲೆ ಎದ್ದಿರುತ್ತದೆ, ಅಷ್ಟೇ. ಈ ಕಿಟಕಿ ಹಳೆಯ ಮೊನೆಗಿಂತ ಎತ್ತರದಲ್ಲಿ ಕೂತಿದೆ. ನನ್ನ ಕೈಗಳಿಗೆ ಮಾತ್ರ ಹಳೆಯ ಎತ್ತರವೇ ಬಾಯಿಪಾಠ. ತಲೆ ಅಲ್ಲಾಡಿಸುವುದೇ ಬೇಡ, ಮಣಿಕಟ್ಟು ಸ್ವಲ್ಪ ಇಳಿಸಿದರೆ ಸಾಕು. ಇದು ಗೊತ್ತಾದ ಮೇಲೂ ನಾನು ತಲೆಯನ್ನೇ ಅಲ್ಲಾಡಿಸುತ್ತೇನೆ. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುವವರಿಗೆ ನನ್ನ ಕಷ್ಟ ಅರ್ಥವಾಗುತ್ತದೆ. ಮೊಬೈಲಿನ ಟಾರ್ಚ್ ಹಾಕಿಕೊಂಡು ಮಂಚದ ಕೆಳಗೆ ಮೊಬೈಲ್ ಹುಡುಕಿದವರಿಗಂತೂ ಇನ್ನೂ ಚೆನ್ನಾಗಿ.

ಇಷ್ಟಾದರೂ ಸಹಿಸಬಹುದಿತ್ತು. ಪಕ್ಕದ ಲೇನಿನಲ್ಲಿ ಹಿರಿಯರು ಇಲ್ಲದಿದ್ದರೆ.

ಹಿರಿಯರದ್ದು ಅವರಷ್ಟೇ ಹಳೆಯ ಪಿಸ್ತೂಲು. ಕಚ್ಚು, ಮೊನೆ ಬಿಟ್ಟರೆ ಬೇರೇನಿಲ್ಲ. ರೇಂಜ್ ಆಫೀಸರ್ "ನಿಲ್ಲಿಸಿ" ಎಂದು ಎಲ್ಲರ ಪಿಸ್ತೂಲೂ ಮೇಜಿನ ಮೇಲೆ ಖಾಲಿಯಾಗಿ ಮಲಗಿದ ಕೂಡಲೇ ಅವರು ನನ್ನ ಹಿಂದೆ ಬಂದು ನಿಲ್ಲುತ್ತಾರೆ. ನಿಂತು, ನನ್ನ ಕಿವಿಯ ಮೇಲಿನ ಇಯರ್ ಮಫ್ ಮೇಲೆ ಬೆರಳಿನ ಗಿಣ್ಣಿನಿಂದ ಎರಡು ಸಲ ಬಡಿಯುತ್ತಾರೆ. ಟಕ್ ಟಕ್. ಯಾರದೋ ಮನೆ ಬಾಗಿಲು ತಟ್ಟಿದ ಹಾಗೆ. ಒಳಗಿರುವವನಿಗೆ ಅದು ಕೇಳುವ ರೀತಿಯೇ ಬೇರೆ. ತಲೆಬುರುಡೆಯೊಳಗೆ ಯಾರೋ ಮೊಳೆ ಹೊಡೆದಂತಿರುತ್ತದೆ. ನಾನು ಬೆಚ್ಚಿ ಮಫ್ ಎತ್ತಿದರೆ, ಅದೇ ಪ್ರಶ್ನೆ.

"ಚುಕ್ಕೆ ಸಿಕ್ತಾ?"

ಸಿಕ್ಕಿತು ಎಂದರೆ "ಎಲ್ಲಿ, ಟಾರ್ಗೆಟ್ ಮೇಲೆ ಕಾಣಲ್ವಲ್ಲ!" ಇಲ್ಲ ಎಂದರೆ "ನಂದಕ್ಕೆ ಬ್ಯಾಟರಿ ಬೇಡ ಕಣಪ್ಪ." ಏನೂ ಹೇಳದೆ ಸುಮ್ಮನಿದ್ದರೆ ಎರಡನ್ನೂ ಹೇಳುತ್ತಾರೆ.

ಒಂದು ದಿನಕ್ಕೆ ಎಂಟು ಹತ್ತು ಸಲ ಈ ಬಾಗಿಲು ತಟ್ಟುವ ಕಾರ್ಯಕ್ರಮ. ಒಮ್ಮೆ ಎಡಗಡೆ, ಒಮ್ಮೆ ಬಲಗಡೆ. ಮೂರನೇ ದಿನ ನಾನು ಕಿವಿಯೊಳಗೆ ಹಾಕುವ ಪ್ಲಗ್ ತಂದೆ, ತಟ್ಟಲು ಏನೂ ಇರಬಾರದೆಂದು. ಅವರು ಭುಜ ತಟ್ಟಿದರು. ಐದನೇ ದಿನ ನಾನೇ ಮುಂದಾಗಿ, "ಸಾರ್, ಇಂಥ ಸೈಟ್ ಹೊಸದೇನಲ್ಲ. 1900ರಲ್ಲೇ ಹೋವರ್ಡ್ ಗ್ರಬ್ ಅನ್ನೋ ಐರ್ಲೆಂಡಿನ ಟೆಲಿಸ್ಕೋಪ್ ತಯಾರಕ ಇದರ ಮೂಲ ಉಪಾಯಕ್ಕೆ ಪೇಟೆಂಟ್ ತಗೊಂಡಿದ್ದ. ಬ್ಯಾಟರಿ ಹಾಕಿದ ಎಲೆಕ್ಟ್ರಾನಿಕ್ ಸೈಟ್ ಸ್ವೀಡನ್ನಿನ ಏಮ್‌ಪಾಯಿಂಟ್‌ನಿಂದ 1975ರಲ್ಲೇ ಬಂತು" ಎಂದು ಓದಿದ್ದನ್ನೆಲ್ಲ ಒಪ್ಪಿಸಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿದರು. "ಒಲಿಂಪಿಕ್ಸ್‌ನಲ್ಲಿ ಪಿಸ್ತೂಲಿಗೆ ಇದನ್ನ ಬಿಡಲ್ಲ, ಗೊತ್ತಾ?" ಎಂದರು. ಅದು ನಿಜ. ಅಲ್ಲಿ ತೆರೆದ ಕಚ್ಚು, ಮೊನೆಗೆ ಮಾತ್ರ ಅವಕಾಶ. ನನ್ನ ಬಾಯಿ ಕಟ್ಟಿತು. ಅವರು ತಮ್ಮ ಲೇನಿಗೆ ಹೋಗಿ ಐದು ಗುಂಡು ಹೊಡೆದರು. ಎಂದಿನಂತೆ ತಮ್ಮ ಕಾಗದವನ್ನು ತಾವೇ ಹೋಗಿ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಯಾರಿಗೂ ತೋರಿಸುವುದಿಲ್ಲ. ದೊಡ್ಡವರ ಬಿಗುಮಾನ ಎಂದುಕೊಂಡೆ.

ಚುಕ್ಕೆ ಸಿಕ್ಕ ಮೇಲೆ ಅದರ ಆಕಾರದ ತಕರಾರು ಶುರುವಾಯಿತು. ಚುಕ್ಕೆ ಎಂದರೆ ದುಂಡಗಿರಬೇಕು, ಅಲ್ವಾ? ನನ್ನದು ಬಾಲ ಇರುವ ಅಲ್ಪವಿರಾಮ. ಹೊಳಪು ಜಾಸ್ತಿ ಮಾಡಿದರೆ ನೆಲಕ್ಕೆ ಬಿದ್ದ ಟೊಮೆಟೊ. ಸರಿ, ಮಾಲು ಕೆಟ್ಟಿದೆ ಎಂದು ನನಗೆ ಭಾರೀ ಖುಷಿಯಾಯಿತು. ಫಾರಂ ಪಕ್ಕಕ್ಕಿಟ್ಟು ಒಂದೂವರೆ ಪುಟದ ದೂರು ಬರೆದೆ. "ಇಂಥ ಸೋರುವ ಚುಕ್ಕೆಯನ್ನು ಕಾರ್ಖಾನೆಯಿಂದ ಹೊರಗೆ ಬಿಟ್ಟವರ ಧೈರ್ಯ ಮೆಚ್ಚಬೇಕು" ಎಂಬ ಸಾಲನ್ನು ಮೂರು ಸಲ ಓದಿ ನಾನೇ ಮೆಚ್ಚಿಕೊಂಡೆ. ಸಾಕ್ಷಿಗೆ ಒಂದು ಫೋಟೊ ಇರಲಿ ಎಂದು, ಖಾಲಿ ಪಿಸ್ತೂಲನ್ನು ಮೇಜಿನ ಮೇಲೆ ಭದ್ರವಾಗಿ ಇಟ್ಟು ಹಿಂದಿನಿಂದ ಕಿಟಕಿಗೆ ಮೊಬೈಲ್ ಹಿಡಿದು ಕ್ಲಿಕ್ಕಿಸಿದೆ.

ಫೋಟೊದಲ್ಲಿ ಚುಕ್ಕೆ ಬಟಾಣಿ ಕಾಳಿನ ಹಾಗೆ ದುಂಡಗಿತ್ತು.

ಮತ್ತೊಂದು ತೆಗೆದೆ. ದುಂಡಗೆ. ಕಣ್ಣಿನಲ್ಲಿ ನೋಡಿದೆ. ಅಲ್ಪವಿರಾಮ. ಡೊಂಕು ಇರುವುದು ಗಾಜಿನಲ್ಲಲ್ಲ, ನನ್ನ ಕಣ್ಣಿನಲ್ಲಿ. ಅಸ್ಟಿಗ್ಮ್ಯಾಟಿಸಂ. ಕಣ್ಣಿನ ಮುಂದಿನ ಪೊರೆಯ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೆ ಬೆಳಕಿನ ಚುಕ್ಕೆ ಹೀಗೆ ಹರಡುತ್ತದೆ. ಹೊಳಪು ತಗ್ಗಿಸಿದರೆ ಕಾಟ ಕಡಿಮೆ, ಸರಿಯಾದ ಕನ್ನಡಕ ಹಾಕಿದರೆ ಇನ್ನೂ ಕಡಿಮೆ. ಇಷ್ಟು ವರ್ಷ ಬೀದಿ ದೀಪಗಳೆಲ್ಲ ನಕ್ಷತ್ರದ ಹಾಗೆ ಕಾಣುತ್ತಿದ್ದವು. ಎಲ್ಲರಿಗೂ ಹಾಗೇ ಕಾಣುತ್ತದೆ ಎಂದುಕೊಂಡಿದ್ದೆ. ಒಂದೂವರೆ ಪುಟ ಹರಿದು ಬುಟ್ಟಿಗೆ ಹಾಕಿದೆ.

ಆದರೂ ಬುದ್ಧಿ ಬಂತೇ? ಇಲ್ಲ. 25 ಮೀಟರಿನಿಂದ ಹೊಡೆದ ನನ್ನ ಗುಂಡುಗಳೆಲ್ಲ ನಡುವಿಗಿಂತ ಹತ್ತು ಸೆಂಟಿಮೀಟರ್ ಕೆಳಗೆ ಬೀಳುತ್ತಿದ್ದವು. ಸೈಟ್ ಪಕ್ಕಾ ಕೂರಿಸಿಲ್ಲ ಎಂದು ತೀರ್ಮಾನಿಸಿದೆ. ಮೇಲೊಂದು ಪುಟ್ಟ ತಿರುಪು ಇದೆ, ಒಂದು ಕ್ಲಿಕ್‌ಗೆ ಒಂದು ಎಂಒಎ, ಅಂದರೆ ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಭಾಗ. 25 ಮೀಟರಿನಲ್ಲಿ ಅದು ಸುಮಾರು 7 ಮಿಲಿಮೀಟರ್. ಲೆಕ್ಕ ಹಾಕಿ 14 ಕ್ಲಿಕ್ ತಿರುಗಿಸಿದೆ. ಮುಂದಿನ ಐದರಲ್ಲಿ ಮೂರು ಕರಿ ವೃತ್ತದೊಳಗೆ ಬಿದ್ದವು. ನನ್ನ ಮುಖದ ಮೇಲಿನ ಕಳೆ ನೋಡಿ ರೇಂಜ್ ಆಫೀಸರ್‌ಗೆ ಏನೋ ಅನುಮಾನ ಬಂದಿರಬೇಕು. ನನ್ನ ಮ್ಯಾಗಜೀನ್ ತೆಗೆದುಕೊಂಡು ಹೋಗಿ, ನಡುನಡುವೆ ಎರಡು ಡಮ್ಮಿ ಗುಂಡು ಸೇರಿಸಿ ವಾಪಸ್ ಕೊಟ್ಟರು. ಯಾವುದು ಎಷ್ಟನೆಯದು ಅಂತ ನನಗೆ ಗೊತ್ತಿಲ್ಲ.

ಎರಡು ಗುಂಡು ಹಾರಿದವು. ಮೂರನೆಯದಕ್ಕೆ ಬರೀ "ಟಿಕ್". ಸದ್ದಿಲ್ಲ, ಹೊಗೆಯಿಲ್ಲ, ಒದೆತವಿಲ್ಲ. ಆದರೆ ಕಿಟಕಿಯಲ್ಲಿ ಕೆಂಪು ಚುಕ್ಕೆ ಬಾವಿಗೆ ಬಿದ್ದ ಚೊಂಬಿನ ಹಾಗೆ ದಬಕ್ಕನೆ ಕೆಳಗಿಳಿಯಿತು. ಪಿಸ್ತೂಲು ಒದೆಯುತ್ತದೆ ಎಂದು ನನ್ನ ಕೈ ಮುಂಚೆಯೇ ಹೆದರಿ ಅದನ್ನು ಕೆಳಕ್ಕೆ ಅದುಮುತ್ತಿತ್ತು. ಹಳೆಯ ಪಿಸ್ತೂಲಿನಲ್ಲೂ ಇಷ್ಟು ವರ್ಷ ಇದನ್ನೇ ಮಾಡುತ್ತಿದ್ದೆ ಎಂದಾಯಿತು. ಕಚ್ಚು, ಮೊನೆ ಪಾಪ ಮರ್ಯಾದಸ್ಥರು, ನೋಡಿಯೂ ನೋಡದಂತೆ ಸುಮ್ಮನಿದ್ದರು. ಈ ಚುಕ್ಕೆ ಚಾಡಿಕೋರ. ಕೈ ನಡುಗಿದರೆ ನಡುಗಿ ತೋರಿಸುತ್ತದೆ, ಉಸಿರು ಬಿಟ್ಟರೆ ತೇಲಿ ತೋರಿಸುತ್ತದೆ, ಹೆದರಿದರೆ ಮುಳುಗಿ ತೋರಿಸುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಒಂದು ಹೆಜ್ಜೆ ಮುಂದೆ ಹೋಗಿ, ನೆಲವನ್ನೇ 14 ಕ್ಲಿಕ್ ಡೊಂಕು ಮಾಡಿ ಇಟ್ಟಿದ್ದೆ.

ಟಕ್ ಟಕ್.

"ಚುಕ್ಕೆ ಸಿಕ್ತಾ?"

ರೇಗಿ ಹೋಯಿತು. "ನೀವೇ ಒಂದ್ಸಲ ಹುಡುಕಿ ನೋಡಿ ಸಾರ್!" ಎಂದುಬಿಟ್ಟೆ. ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ, ಖಾಲಿ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದೆ. ಕೋಳಿ ಕುಣಿತ ಬೇರೆಯವರದ್ದಾದರೂ ನೋಡೋಣ ಎಂಬ ದುರಾಸೆ.

ಹಿರಿಯರು ಮೊದಲು ಬೇಡ ಎಂದರು. ಆಮೇಲೆ ಮತ್ತೆ ಹೊಡೆಯಲು ಅನುಮತಿ ಸಿಗುವವರೆಗೆ ಕಾದು, ಐದು ಗುಂಡು ತುಂಬಿಕೊಂಡರು. ಎಂದಿನ ಹಾಗೆ ಒಂದು ಕಣ್ಣು ಮುಚ್ಚಿದರು. ಮತ್ತೆ ತೆರೆದರು. ಆಮೇಲೆ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಕಣ್ಣಿಗೆ ಹಾಕಿದ್ದ ಓದುವ ಕನ್ನಡಕ ತೆಗೆದು ಬರೀ ರಕ್ಷಣೆಯ ಕನ್ನಡಕ ಹಾಕಿಕೊಂಡರು. ಆಗಲೇ ನನಗೆ ಹೊಳೆದದ್ದು. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತಾ ಬರುತ್ತದೆ, ಕೈಯಳತೆಯ ವಸ್ತು ಮಸುಕಾಗುತ್ತದೆ. ಪಿಸ್ತೂಲಿನ ಮೊನೆ ಇರುವುದು ಸರಿಯಾಗಿ ಅಲ್ಲೇ. ಓದುವ ಕನ್ನಡಕ ಹಾಕಿದರೆ ಮೊನೆ ಕಾಣುತ್ತದೆ, ಟಾರ್ಗೆಟ್ ಮಂಜು. ತೆಗೆದರೆ ಟಾರ್ಗೆಟ್ ಕಾಣುತ್ತದೆ, ಮೊನೆ ಮಂಜು. ಎಷ್ಟು ವರ್ಷದಿಂದ ಅವರು ಮಂಜಿಗೇ ಗುಂಡು ಹೊಡೆಯುತ್ತಿದ್ದರೋ. ಆ ನಾಲ್ಕು ಮಡಿಕೆಯ ಕಾಗದಗಳು ನೆನಪಾದವು.

ಅವರು ಪಿಸ್ತೂಲು ಎತ್ತಿದರು. ತಲೆ ಒಂದಿಷ್ಟೂ ಅಲ್ಲಾಡಲಿಲ್ಲ. ಅವರ ಮಫ್ ಮೇಲೆ ಟಕ್ ಟಕ್ ಮಾಡಲು ನನ್ನ ಕೈ ತುರಿಸುತ್ತಿತ್ತು. ಗುಂಡು ಹಾರಿಸುವವರನ್ನು ಮುಟ್ಟಬಾರದು ಎಂಬ ನಿಯಮ ಅಡ್ಡ ಬಂತು. ಐದೂ ನಿಧಾನವಾಗಿ ಹೊಡೆದರು. ಖಾಲಿ ಮಾಡಿ ಮೇಜಿನ ಮೇಲಿಟ್ಟ ಮೇಲೆ ತಟ್ಟಿದೆ.

"ಸಿಕ್ತಾ ಸಾರ್?"

ಅವರು ನನ್ನ ಕಡೆ ತಿರುಗಲೇ ಇಲ್ಲ. "ಕರಿ ವೃತ್ತದ ಅಂಚು ಚೂಪಾಗಿ ಕಾಣ್ತಿದೆ ಕಣಪ್ಪ" ಎಂದರು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಏನು ಹೇಳಬೇಕೋ ತಿಳಿಯದೆ ನಾನು ನೆಲದ ಮೇಲಿನ ಖಾಲಿ ತೋಟಾಗಳನ್ನು ಹೆಕ್ಕತೊಡಗಿದೆ.

ಕಾಗದ ಬಂತು. ಐದೂ ಗುಂಡು ಒಂದು ಅಂಗೈಯೊಳಗೆ ಮುಚ್ಚುವಷ್ಟು ಹತ್ತಿರ. ನಡುವಿಗಿಂತ ಸರಿಯಾಗಿ ಹತ್ತು ಸೆಂಟಿಮೀಟರ್ ಮೇಲೆ.

ಹಿರಿಯರು ಕಾಗದ ನೋಡಿದರು. ಪಿಸ್ತೂಲು ನೋಡಿದರು. ನನ್ನನ್ನು ನೋಡಿದರು. "ತಿರುಪು ಮುಟ್ಟಿದ್ದು ಯಾರು?"

14 ಕ್ಲಿಕ್‌ಗಳನ್ನು ಅವರ ಎದುರೇ, ಒಂದೊಂದಾಗಿ, ಅವರು ಎಣಿಸುತ್ತಿದ್ದಂತೆ ವಾಪಸ್ ತಿರುಗಿಸಿದೆ. ಹನ್ನೊಂದಕ್ಕೆ ಅವರಿಗೆ ಕೆಮ್ಮು ಬಂತು, ಮತ್ತೆ ಮೊದಲಿನಿಂದ ಶುರು ಮಾಡಿ ಎಂದು ಹೇಳುತ್ತಾರೇನೋ ಎಂದು ಹೆದರಿದ್ದೆ. ಪುಣ್ಯಕ್ಕೆ ಹೇಳಲಿಲ್ಲ. ಆ ಕಾಗದವನ್ನು ಅವರು ಮಡಿಸಲಿಲ್ಲ. ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹರಡಿ, ಗಾಳಿಗೆ ಹಾರದಂತೆ ಮೇಲೆ ತಮ್ಮ ಕನ್ನಡಕದ ಡಬ್ಬಿ ಇಟ್ಟರು.

ಅಲ್ಲಿಂದೀಚೆಗೆ ನಾಲ್ಕು ದಿನವಾಯಿತು. "ನಿನ್ನ ವರದಿಗೆ ಸಹಾಯ ಆಗ್ಲಿ ಅಂತ" ಎನ್ನುತ್ತಾ ಹಿರಿಯರೇ ಬೆಳಗಿನಿಂದ ಹೊಡೆಯುತ್ತಿದ್ದಾರೆ. ನಾನು ಹಿಂದೆ ಸ್ಟೂಲಿನ ಮೇಲೆ ಕೂತು ನನ್ನ ಸರದಿಗೆ ಕಾಯುತ್ತೇನೆ. ಸಂಜೆ ಹತ್ತು ನಿಮಿಷ ಸಿಕ್ಕರೆ, ಎರಡು ವಾರದ ಕೋಳಿಯನ್ನು ಆ ಹತ್ತು ನಿಮಿಷದಲ್ಲೇ ಕುಣಿಸಬೇಕು. ಕುತ್ತಿಗೆ ಹಿಡಿದದ್ದು ಹಾಗೆ. ಫಾರಂ ಕೊಡಲು ನಾಳೆಯೇ ಕಡೆಯ ದಿನ. ಮೊದಲ ಕಾಲಂನಲ್ಲಿ ಅವರದ್ದನ್ನು ಬರೆಯಬೇಕೋ ನನ್ನದನ್ನು ಬರೆಯಬೇಕೋ ಎಂದು ಇವತ್ತು ಯೋಚಿಸುತ್ತಾ ಕೂತಿದ್ದೆ.

ಟಕ್ ಟಕ್.

ಈ ಸಲ ಪ್ರಶ್ನೆ ಬೇರೆ ಇತ್ತು. ಸ್ವಲ್ಪ ಬಗ್ಗಿ, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದರು.

"ಇದರ ಬ್ಯಾಟರಿ ಎಷ್ಟು ದಿನ ಬರುತ್ತಪ್ಪಾ?"