ಪುಕ್ಕಟೆ ಸಿಕ್ಕ ದೋಣಿಯ ತಿಥಿ ಯಾರು ಮಾಡಬೇಕು?

"ಗುರೂ, ಫ್ರೀಯಾಗಿ ಕೊಡ್ತಿದಾರೆ. ಫ್ರೀ!"

ಮೂರು ವಾರದ ಹಿಂದೆ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಹನ್ನೊಂದು ಫೋಟೋ ಕಳಿಸಿ ಕೆಳಗೆ ಇಷ್ಟೇ ಬರೆದಿದ್ದ. ಅವನು ದಾವಣಗೆರೆಯವನು, ಸಮುದ್ರ ಕಂಡದ್ದೇ ಇಂಜಿನಿಯರಿಂಗ್ ಮುಗಿದ ಮೇಲೆ. ನಾನು ಗಂಗೊಳ್ಳಿಯವನು. ಈಗ ಇಬ್ಬರೂ ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ಪಕ್ಕದಲ್ಲಿದ್ದೇವೆ. ಕರಾವಳಿಯವನು ಅಂದಮೇಲೆ ದೋಣಿಯ ವಿಷಯ ಇವನಿಗೇ ಗೊತ್ತು ಅಂತ ಕನ್ನಡ ಕೂಟದವರೆಲ್ಲ ನಂಬಿಬಿಟ್ಟಿದ್ದಾರೆ.

ಫೋಟೋದಲ್ಲಿದ್ದದ್ದು 1978ರ ಕ್ಯಾಬಿನ್ ಕ್ರೂಸರ್. 28 ಅಡಿ ಉದ್ದ, ಹತ್ತು ಅಡಿಗೆ ಮೇಲೆ ಅಗಲ. ಒಳಗೆ ಇಬ್ಬರು ಮಲಗುವಷ್ಟು ಜಾಗ, ಅಂಗೈ ಅಗಲದ ಅಡುಗೆ ಕಟ್ಟೆ, ಬಾಗಿಲು ಮುಚ್ಚಿದರೆ ಮೊಣಕಾಲು ತಾಗುವ ಕಕ್ಕಸು. ಹಿಂಭಾಗದಲ್ಲಿ ವಿ-8 ಪೆಟ್ರೋಲ್ ಎಂಜಿನ್. ಅವನ ಬೀದಿಯ ಹಿರಿಯರೊಬ್ಬರು ಹೊಸದಾಗಿ ಕೊಂಡು ಸೇಂಟ್ ಕ್ಲೇರ್ ಸರೋವರದಲ್ಲಿ ಮಕ್ಕಳನ್ನು ಆಡಿಸಿದ ದೋಣಿ. ಎಂಟು ವರ್ಷದಿಂದ ನೀಲಿ ಟಾರ್ಪಾಲಿನ ಕೆಳಗೆ ನಿಂತಿದೆ. ಟಾರ್ಪಾಲು ಯಾವತ್ತೋ ಹರಿದಿದೆ.

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಪೈಕಿ ನಾವು. ಆದರೂ ಬೇಡ ಅಂದೆ. ಅವನಿಗೆ ಬೇಜಾರಾಯಿತು. ಯಾಕೆ ಬೇಡ ಅಂತ ಇಲ್ಲಿ ಬರೆಯುತ್ತಿದ್ದೇನೆ. ಈ ಊರಲ್ಲಿ ಪ್ರತಿ ವಸಂತದಲ್ಲೂ ಯಾರಾದರೊಬ್ಬರು ಇದೇ ಪ್ರಶ್ನೆ ಕೇಳುತ್ತಾರೆ.

ನಾನೇನು ಸಾಚಾ ಅಲ್ಲ. 2014ರಲ್ಲಿ ಎರಡು ಸಾವಿರ ಡಾಲರಿಗೆ 24 ಅಡಿಯದೊಂದನ್ನು ತಂದಿದ್ದೆ. ಮೊದಲ ಬೇಸಿಗೆ ತೊಳೆದು ಬಣ್ಣ ಬಳಿಯುವುದರಲ್ಲೇ ಮುಗಿಯಿತು. ಎರಡನೇ ಬೇಸಿಗೆಯಲ್ಲಿ ನಾಲ್ಕು ಸಲ ನೀರಿಗಿಳಿದೆ. ಆ ಚಳಿಗಾಲಕ್ಕೆ ಎಂಜಿನ್ ಸಿದ್ಧಮಾಡಿ ಕೊಡಿ ಅಂತ ಒಂದು ಯಾರ್ಡಿಗೆ ಬಿಟ್ಟೆ. ಈ ಎಂಜಿನ್‌ಗಳಿಗೆ ಕಾರಿನ ಹಾಗೆ ರೇಡಿಯೇಟರ್ ಇರುವುದಿಲ್ಲ. ಸರೋವರದ ನೀರನ್ನೇ ಎಳೆದುಕೊಂಡು ತಂಪಾಗುತ್ತವೆ, ಆ ನೀರು ಬ್ಲಾಕಿನೊಳಗೆ, ಅಂದರೆ ಎಂಜಿನ್ನಿನ ಎರಕದ ಕಬ್ಬಿಣದ ಒಡಲಿನೊಳಗೆ, ಉಳಿಯುತ್ತದೆ. ಚಳಿ ಶುರುವಾಗುವ ಮೊದಲು ಬ್ಲಾಕಿನ ಪಕ್ಕದ ಪ್ಲಗ್ ಬಿಚ್ಚಿ ನೀರೆಲ್ಲ ಹರಿಸಬೇಕು. ಅವರು ಬಿಚ್ಚಿದರು, ಹನಿ ನೀರೂ ಬರಲಿಲ್ಲ, ಖಾಲಿಯಾಗಿದೆ ಅಂದುಕೊಂಡು ಮತ್ತೆ ಮುಚ್ಚಿದರು. ಅಸಲಿಗೆ ತುಕ್ಕಿನ ಚಕ್ಕೆ ತೂತಿಗೆ ಅಡ್ಡ ಕೂತಿತ್ತು. ಒಂದು ತಂತಿ ತೂರಿಸಿ ಕೆದಕಿದ್ದರೆ ಸಾಕಿತ್ತು. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣ ಹಿಗ್ಗುವುದಿಲ್ಲ. ಏಪ್ರಿಲ್‌ನಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಜಾಸ್ತಿಯಾದ ಚಾದ ಬಣ್ಣಕ್ಕೆ ತಿರುಗಿತ್ತು. ಬ್ಲಾಕ್ ಸೀಳಿ ನೀರು ಆಯಿಲಿಗೆ ಬೆರೆತಿತ್ತು. ಅಷ್ಟರಲ್ಲಿ ಒಟ್ಟು ಒಂಬತ್ತು ಸಾವಿರ ಡಾಲರ್ ಸುರಿದಾಗಿತ್ತು. ಹೆಂಡತಿ ಇವತ್ತಿಗೂ ಸಂಬಂಧವೇ ಇಲ್ಲದ ಜಗಳದಲ್ಲಿ ಈ ಅಂಕಿಯನ್ನು ತಂದು ಮುಂದಿಡುತ್ತಾಳೆ.

ಹಾಗಾಗಿ ಕಳೆದ ಶನಿವಾರ ಗೆಳೆಯನ ಸಮಾಧಾನಕ್ಕೆ ನೋಡಲು ಹೋದಾಗ ಒಯ್ದದ್ದು ಒಂದು ಚಿಕ್ಕ ಸುತ್ತಿಗೆ, ಒಂದು ಟಾರ್ಚು ಮಾತ್ರ.

ಅವನ ಕಣ್ಣಿದ್ದದ್ದು ಹರಿದ ಸೀಟು, ಮಂಕಾದ ಬಣ್ಣ, ಬೂಸಲು ಹಿಡಿದ ಪರದೆಗಳ ಮೇಲೆ. ಅದೆಲ್ಲ ನಾಲ್ಕು ಭಾನುವಾರದ ಕೆಲಸ. ಹೊರಗಿನ ಫೈಬರ್ ಕೂಡ ತೊಂದರೆ ಕೊಡುವಂಥದ್ದಲ್ಲ. ಆ ಕಾಲದ ದೋಣಿಗಳ ಹೊರಮೈ, ಅಂದರೆ ಹಲ್, ಎಷ್ಟು ದಪ್ಪ ಅಂದರೆ ದೋಣಿಯೊಳಗಿನ ಉಳಿದದ್ದೆಲ್ಲ ಸತ್ತರೂ ಅದು ಸಾಯುವುದಿಲ್ಲ. ಕೊಳೆಯುವುದು ಒಳಗಿನ ಮರ. ಫೈಬರ್ ದೋಣಿ ಅಂತ ಹೆಸರೇ ಹೊರತು ಅದರ ಬೆನ್ನುಮೂಳೆ ಮರದ್ದೇ. ಉದ್ದಕ್ಕೂ ಹಾಯುವ ತೊಲೆಗಳು, ಅಂದರೆ ಸ್ಟ್ರಿಂಗರ್‌ಗಳು, ಮತ್ತು ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಂ, ಇವೆಲ್ಲ ಫೈಬರ್ ಹೊದಿಸಿದ ಪ್ಲೈವುಡ್. ಯಾರೋ ಯಾವಾಗಲೋ ಏಣಿ ಕೂರಿಸಲು ನಾಲ್ಕು ಸ್ಕ್ರೂ ಹೊಡೆದು ಸೀಲೆಂಟ್ ಹಾಕುವುದನ್ನು ಮರೆತಿರುತ್ತಾರೆ. ಆ ತೂತಿನಿಂದ ವರ್ಷಗಟ್ಟಲೆ ನೀರು ಒಳಗಿಳಿಯುತ್ತದೆ, ಹೊರಗೆ ಬರಲು ದಾರಿ ಇಲ್ಲ. ಹೊರಗಿನಿಂದ ನೋಡಿದರೆ ಗೋಡೆ ಗಟ್ಟಿಮುಟ್ಟು, ಒಳಗೆ ನೆನೆದ ಅವಲಕ್ಕಿ.

ಸುತ್ತಿಗೆಯಿಂದ ಟ್ರಾನ್ಸಂ ಬಡಿಯುತ್ತ ಹೋದೆ. ಮೇಲ್ಭಾಗದಲ್ಲಿ ಟಣ್ ಟಣ್. ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲ್ಲರಿಗೆ ಮುಟ್ಟಿಸಲು ಟ್ರಾನ್ಸಂಗೆ ಬಿಗಿದ ಸ್ಟರ್ನ್ ಡ್ರೈವ್ ಹತ್ತಿರ ಬರುತ್ತಿದ್ದಂತೆ ಡೊಬ್ ಡೊಬ್. ತೆಂಗಿನಕಾಯಿ ಬಡಿದು ಕೊಂಡವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಏಣಿಯ ಕೆಳಗಿನ ಒಂದು ಸ್ಕ್ರೂ ಬಿಚ್ಚಿದೆ. ಮಳೆ ಬಾರದೆ ಹತ್ತು ದಿನ ಆಗಿತ್ತು, ಆದರೂ ತೂತಿನಿಂದ ಕಂದು ನೀರು ಜಿನುಗಿತು. ಗೆಳೆಯ ಮಾತಾಡಲಿಲ್ಲ.

ಇದನ್ನು ಸರಿಮಾಡಲು ಆಗುವುದಿಲ್ಲ ಅಂತಲ್ಲ. ಡ್ರೈವ್ ಕಳಚಿ, ಎಂಜಿನ್ ಎತ್ತಿ ಹೊರಗಿಟ್ಟು, ಒಳಗಿನ ಫೈಬರ್ ಪದರ ಕೊಯ್ದು, ಕೊಳೆತ ಪ್ಲೈವುಡ್ ಕೆತ್ತಿ ತೆಗೆದು, ಹೊಸ ಮರೀನ್ ಪ್ಲೈವುಡ್ಡನ್ನು ಎಪಾಕ್ಸಿಯಲ್ಲಿ ಪದರ ಪದರವಾಗಿ ಅಂಟಿಸಬೇಕು. ಮರ್‌ಕ್ರೂಸರ್ ಕಂಪನಿಯ ಡ್ರೈವ್ ಆದರೆ ಆ ಗೋಡೆಯ ದಪ್ಪ ಎರಡರಿಂದ ಎರಡೂಕಾಲು ಇಂಚಿನೊಳಗೇ ಬರಬೇಕು, ಇಲ್ಲದಿದ್ದರೆ ಡ್ರೈವ್ ಸರಿಯಾಗಿ ಕೂರುವುದಿಲ್ಲ. ಟ್ರಾನ್ಸಂ ಹೋಗಿದ್ದರೆ ಸ್ಟ್ರಿಂಗರ್ ನೆಟ್ಟಗಿರುವುದು ಅಪರೂಪ. ಇಲ್ಲೂ ಇರಲಿಲ್ಲ. ಬಿಡುವಿದ್ದಾಗ ಮಾಡಿದರೆ ಎರಡು ವರ್ಷದ ಕೆಲಸ. ಅದಕ್ಕೊಂದು ಶೆಡ್ಡು ಬೇಕು. ಹತ್ತು ಅಡಿ ಅಗಲದ ದೋಣಿಯನ್ನು ನಿಮ್ಮ ಪಿಕಪ್‌ಗೆ ಕಟ್ಟಿ ಸುಮ್ಮನೆ ಎಳೆದುಕೊಂಡು ಬರುವ ಹಾಗಿಲ್ಲ. ಎಂಟೂವರೆ ಅಡಿ ದಾಟಿದರೆ ಪರ್ಮಿಟ್ ಬೇಕು, ಅದಕ್ಕೆಂದೇ ಇರುವ ಟ್ರಕ್ಕಿನವರನ್ನು ಕರೆಸಬೇಕು. ಪುಕ್ಕಟೆ ದೋಣಿಗೆ ಮೊದಲ ಬಿಲ್ಲು ಅಂಗಳದಿಂದ ಹೊರಡುವ ಮುಂಚೆಯೇ ಬರುತ್ತದೆ.

ಮೇಲೆಮೇಲೆ ಬಣ್ಣ ಹೊಡೆದು ಇಳಿಸಿಬಿಟ್ಟರೆ? ಅವನು ಕೇಳಿದ. ಸೇಂಟ್ ಕ್ಲೇರ್ ನೋಡಲು ಸಾಧು. 430 ಚದರ ಮೈಲಿ, ಸರಾಸರಿ ಆಳ ಬರೀ 11 ಅಡಿ, ಹಡಗು ಹೋಗಲಿಕ್ಕೇ ಬೇರೆ ಕಾಲುವೆ ತೋಡಿದ್ದಾರೆ. ಆಳ ಇಲ್ಲದ ನೀರಿನಲ್ಲಿ ಗಾಳಿ ಎದ್ದರೆ ಅಲೆಗಳು ಒಂದರ ಮೈಮೇಲೊಂದು ಬಂದು ಹಿಂದಿನಿಂದ ಗುದ್ದುತ್ತವೆ. ಡ್ರೈವಿನ ಭಾರ, ತಳ್ಳಾಟ ಎಲ್ಲ ನೇತಾಡುವುದು ಆ ನೆನೆದ ಅವಲಕ್ಕಿಯ ಮೇಲೆ. ನನ್ನ ಮಕ್ಕಳನ್ನು ನಾನು ಕೂರಿಸಲಾರೆ.

ಇನ್ನು ಎಲ್ಲ ಸರಿಮಾಡಿದಿರಿ ಅಂತಲೇ ಇಟ್ಟುಕೊಳ್ಳೋಣ. ಪೆಟ್ರೋಲ್ ಎಂಜಿನ್ ಪೂರ್ತಿ ವೇಗದಲ್ಲಿ ಓಡುವಾಗ ಅದರ ಹಾರ್ಸ್‌ಪವರನ್ನು ಹತ್ತರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಗ್ಯಾಲನ್ ಕುಡಿಯುತ್ತದೆ ಅನ್ನುವ ಅಂದಾಜು ಸಿಗುತ್ತದೆ. 260 ಹಾರ್ಸ್‌ಪವರಿಗೆ 26 ಗ್ಯಾಲನ್, ಹತ್ತಿರ ಹತ್ತಿರ ನೂರು ಲೀಟರ್.

ಮರದ ದೋಣಿಯಾಗಿದ್ದರೆ ಬೇರೆ ಮಾತು. ಇಲ್ಲೇ ಸೇಂಟ್ ಕ್ಲೇರ್ ನದಿಯ ದಡದ ಅಲ್ಗೋನಾಕ್‌ನಲ್ಲಿ ಹುಟ್ಟಿದ್ದು ಕ್ರಿಸ್-ಕ್ರಾಫ್ಟ್. ಅವರ ಹಳೆಯ ಮಹಾಗನಿ ದೋಣಿ ಸಿಕ್ಕಿದ್ದರೆ ಸಾಲ ಮಾಡಿಯಾದರೂ ತಗೋ ಅನ್ನುತ್ತಿದ್ದೆ. ಮಿಷಿಗನ್ನಿನ ಉತ್ತರ ತುದಿಯ ಹೆಸೆಲ್ ಅನ್ನುವ ಹಳ್ಳಿಯಲ್ಲಿ ಪ್ರತಿ ಆಗಸ್ಟ್‌ನಲ್ಲಿ ಹಳೆಯ ಮರದ ದೋಣಿಗಳ ಜಾತ್ರೆಯೇ ನಡೆಯುತ್ತದೆ. ವಾರ್ನಿಶ್ ಮೇಲೆ ಬಿಸಿಲು ಬಿದ್ದಾಗ ಅದನ್ನು ನೋಡಲು ಎರಡು ಕಣ್ಣು ಸಾಲದು. ಅಲ್ಲಿ ಕೊಳೆತ ಹಲಗೆಯೊಂದನ್ನು ಬದಲಿಸಿದರೆ ದೋಣಿಯೇ ಬದುಕುತ್ತದೆ. ಸಾವಿರಾರು ಸಂಖ್ಯೆಯಲ್ಲಿ ಅಚ್ಚು ಹೊಯ್ದ ಎಪ್ಪತ್ತರ ದಶಕದ ಫೈಬರ್ ದೋಣಿಗೆ ಮೂವತ್ತು ಸಾವಿರ ಸುರಿದರೂ ಮಾರುವ ದಿನ ಅದು ಹಳೇ ಫೈಬರ್ ದೋಣಿಯೇ. ರಿಪೇರಿಯೇ ನನ್ನ ಧ್ಯಾನ, ದೋಣಿ ನೀರಿಗಿಳಿಯದಿದ್ದರೂ ಚಿಂತೆಯಿಲ್ಲ ಅನ್ನುವವರು ಖಂಡಿತ ತಗೊಳ್ಳಿ. ಗೆಳೆಯ ಅಂಥವನಲ್ಲ. ಅವನಿಗೆ ಬೇಕಾದದ್ದು ದೋಣಿಯಲ್ಲಿ ಕೂತು ಮಂಡಕ್ಕಿ ತಿನ್ನುವ ಸಂಜೆ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಇದರಲ್ಲಿ ಯೋಚಿಸುವಂಥದ್ದೇ ಕಾಣಲಿಲ್ಲ. "ಎಂಜಿನ್ ತೆಗ್ದ್ ಇಟ್ಕೊ ಮಾರಾಯ, ಉಳ್ದದ್ದೆಲ್ಲ ಒಲಿಗ್ ಹಾಕ್." ನಮ್ಮಲ್ಲಿ ಹಾಗೇ. ಜೂನ್ ಒಂದರಿಂದ 61 ದಿನ ಮೀನುಗಾರಿಕೆ ಬಂದ್, ಬೋಟುಗಳೆಲ್ಲ ದಡಕ್ಕೆ. ಬೋಟು ನಡೆಸುವ ತಾಂಡೇಲರೂ ಆಚಾರಿಯೂ ಹಲಗೆ ಹಲಗೆ ಬಡಿದು ನೋಡುತ್ತಾರೆ. ಇನ್ನೊಂದು ವರ್ಷ ದುಡಿಯುತ್ತದೆ ಅನ್ನಿಸಿದರೆ ರಿಪೇರಿ, ಇಲ್ಲದಿದ್ದರೆ ಎಂಜಿನ್ ಹೊಸ ಬೋಟಿಗೆ, ಮೊಳೆ ಗುಜರಿಗೆ, ಹಲಗೆ ಯಾರದೋ ಬಚ್ಚಲ ಒಲೆಗೆ. ನಮ್ಮೂರ ಪಂಚಗಂಗಾವಳಿ ಹೊಳೆಯ ದಡದಲ್ಲಿ ಉಳಿದ ಅಸ್ಥಿಪಂಜರವನ್ನು ಕೆಲವೇ ಮಳೆಗಾಲ ಮುಗಿಸಿಬಿಡುತ್ತವೆ.

"ಇದ್ ಫೈಬರ್ ಅಪ್ಪಯ್ಯ, ಸುಟ್ರೆ ವಿಷದ ಹೊಗೆ" ಅಂದೆ.

"ಹಾಂಗಾರೆ ಅದ್ ಕಡೀಕೆ ಎಂತ ಆತ್ತ್?"

ಇಷ್ಟು ವರ್ಷ ಈ ದೇಶದಲ್ಲಿದ್ದರೂ ನಾನು ಕೇಳಿಕೊಳ್ಳದ ಪ್ರಶ್ನೆ. ಫೈಬರ್ ಕೊಳೆಯುವುದಿಲ್ಲ, ಕರಗಿಸಲು ಬರುವುದಿಲ್ಲ, ಗುಜರಿಯವನು ಮುಟ್ಟುವುದಿಲ್ಲ. ಗರಗಸ ಹಿಡಿದು ತುಂಡು ಮಾಡಿ, ದೊಡ್ಡ ಕಸದ ಡಬ್ಬ ಬಾಡಿಗೆಗೆ ತಂದು, ದುಡ್ಡು ಕೊಟ್ಟು ಹೂಳಬೇಕು. ಅದಕ್ಕೂ ಮುಂಚೆ ಪೆಟ್ರೋಲ್, ಆಯಿಲ್, ಬ್ಯಾಟರಿ ತೆಗೆಸಬೇಕು. ಆಗ ಹೊಳೆಯಿತು. ಆ ಹಿರಿಯರು ಪುಕ್ಕಟೆ ಕೊಡುತ್ತಿದ್ದದ್ದು ದೋಣಿಯನ್ನಲ್ಲ, ಅದರ ತಿಥಿಯ ಖರ್ಚನ್ನು. ಮಿಷಿಗನ್ನಿನಲ್ಲಿ 20 ಅಡಿ ಮತ್ತು ಅದಕ್ಕಿಂತ ಉದ್ದದ ದೋಣಿಗೆ ಕಾರಿಗಿದ್ದ ಹಾಗೆ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಇರುತ್ತದೆ. ಅದು ಕೈ ಬದಲಾದ ಕ್ಷಣ ಹೆಣ ಹೊರುವವರೂ ಬದಲಾಗುತ್ತಾರೆ.

ಅವರನ್ನು ನಾನು ಬೈಯುವುದಿಲ್ಲ. ಮಾಡಿದ ಕಂಪನಿ ಮಾರಿ ಕೈತೊಳೆದುಕೊಂಡಿತು. ಆಮೇಲೆ ಐದು ಜನ ಮಜಾ ಮಾಡಿದ್ದರೂ ಹೂಳುವ ಖರ್ಚು ಕೊನೆಗೆ ಯಾರ ಅಂಗಳದಲ್ಲಿ ನಿಂತಿತೋ ಅವರದು. ಫ್ರಾನ್ಸ್‌ನಲ್ಲಿ 2019ರಿಂದ ಹೊಸ ದೋಣಿ ಮಾರುವಾಗಲೇ ಒಡೆಯುವ ಖರ್ಚಿಗೆ ಅಂತ ಹಣ ತೆಗೆದಿಡುತ್ತಾರೆ. ಸಾಗಿಸುವ ಖರ್ಚು ಕೊಟ್ಟರೆ ಸಾಕು, ಹಳೆಯದನ್ನು ಸುಮ್ಮನೆ ಒಪ್ಪಿಸಿ ಬರಬಹುದು. ಇಲ್ಲಿನ ರೋಡ್ ಐಲೆಂಡ್ ರಾಜ್ಯದಲ್ಲಿ ಹಳೆಯ ಹಲ್‌ಗಳನ್ನು ಪುಡಿಮಾಡಿ ಸಿಮೆಂಟ್ ಗೂಡಿಗೆ ಹಾಕುವ ಪ್ರಯೋಗ ನಡೆದಿದೆ. ನಮ್ಮ ಕರಾವಳಿಯಲ್ಲೂ ಈಗ ಎಲ್ಲಿ ನೋಡಿದರೂ ಫೈಬರ್ ನಾಡದೋಣಿಗಳೇ. ಅಪ್ಪಯ್ಯನ ಪ್ರಶ್ನೆಯನ್ನು ಅಲ್ಲಿಯವರೂ ಕೇಳಿಕೊಳ್ಳುವ ಕಾಲ ದೂರವಿಲ್ಲ.

ಮರುದಿನ ಆ ಹಿರಿಯರು, ಗೆಳೆಯ, ನಾನು ಮೂವರೂ ಕೂತು ಮಾತಾಡಿದೆವು. ಟೈಟಲ್ ಅವರ ಹೆಸರಿನಲ್ಲೇ ಇರಲಿ, ಒಡೆಯಲು ಇಬ್ಬರೂ ಬರುತ್ತೇವೆ, ಬಿಡಿಭಾಗ ಮಾರಿ ಬಂದ ದುಡ್ಡು ಡಬ್ಬದ ಬಾಡಿಗೆಗೆ ಅಂದೆ. ಅವರು ಸ್ವಲ್ಪ ಹೊತ್ತು ದೋಣಿಯನ್ನೇ ನೋಡುತ್ತಿದ್ದರು. "ನನಗೂ ಗೊತ್ತಿತ್ತು, ಟ್ರಾನ್ಸಂ ಹೋಗಿದೆ ಅಂತ" ಅಂದರು, ತಪ್ಪೊಪ್ಪಿಕೊಳ್ಳುವ ಹುಡುಗನ ಹಾಗೆ.

ಎಂಜಿನ್ ಕೈಯಲ್ಲಿ ತಿರುಗಿಸಿದರೆ ತಿರುಗುತ್ತಿದೆ, ಬ್ಲಾಕ್ ಸೀಳಿದ ಗುರುತಿಲ್ಲ. ಡ್ರೈವ್, ಪ್ರೊಪೆಲ್ಲರ್, ಕಿಟಕಿಗಳು ಚೆನ್ನಾಗಿವೆ. ಹಗ್ಗ ಕಟ್ಟುವ, ಕ್ರೋಮ್ ಎದ್ದಿರುವ ಕಂಚಿನ ಕ್ಲೀಟುಗಳು ನನಗೆ. ಅಡುಗೆ ಕಟ್ಟೆಯ ಎರಡು ಬರ್ನರಿನ ಸ್ಪಿರಿಟ್ ಒಲೆ ಗೆಳೆಯನಿಗೆ. ಅದರಲ್ಲಿ ಬೆಣ್ಣೆ ದೋಸೆ ಆಗುತ್ತದೆ ಅಂತ ಅವನ ವಾದ, ಆಗುವುದಿಲ್ಲ ಅಂತ ನನ್ನದು. ಬರುವ ಶನಿವಾರ ಗರಗಸ. ಡ್ರೈವ್ ಬೇಕಾದವರು ಮೆಸೇಜ್ ಮಾಡಿ, ನೀವೇ ಬಂದು ಬಿಚ್ಚಿಕೊಂಡು ಹೋಗಬೇಕು. "ಪೂರ್ತಿ ದೋಣಿಯೇ ಕೊಟ್ಬಿಡಿ ಸಾರ್" ಅಂತ ಮಾತ್ರ ಕೇಳಬೇಡಿ.